ಕತ್ತೆಯ ಹೇಳಿಕೆ

ಹೆಸರು: ಇಲ್ಲ.
ಊರು: ಫೆನ್ ನದಿಯ ದಂಡೆ, ಗೆಂಗನ ಹಿಟ್ಟಿನ ಗಿರಣಿ.
ವಯಸ್ಸು: ಹಲ್ಲು ನೋಡಿ ಹನ್ನೊಂದೆಂದ ಲಾಳ ಕಟ್ಟುವವ.
ಇಷ್ಟು ಬರೆದು ಕುಂಚ ಎತ್ತಿ ಹಿಡಿದೆ.
ಮುಂದಿನ ಕಲಮು: ಸಾಕ್ಷಿ ಏನು ಹೇಳಿತು?
ಮಸಿಯ ಹನಿಯೊಂದು ತಾನಾಗಿ ಬಿತ್ತು ಅಲ್ಲಿ.

ಇಪ್ಪತ್ತಾರು ವರ್ಷದ ಕಾರಕೂನ ನಾನು.
ಸುಳ್ಳನ್ನು ಅಂದವಾಗಿ ಬರೆಯಬಲ್ಲೆ,
ನಿಜವನ್ನು, ಸಾಹೇಬರು ಕೇಳಿದರೆ, ಇನ್ನೂ ಅಂದವಾಗಿ.
ಮೌನವನ್ನು ಎಲ್ಲಿ ಬರೆಯಬೇಕೆಂದು
ಯಾರೂ ಕಲಿಸಿರಲಿಲ್ಲ.

ಆದದ್ದು ಇಷ್ಟೆ.
ಸೂಜಿ ಮಾರುವ ಪಾಂಗ್ ಎರ್
ಪರ್ಸಿಮನ್ ಕೆಂಪಾಗುವ ಹೊತ್ತಿಗೆ ಈ ಕಡೆ ಬಂದವನು
ಮೊದಲ ಹಿಮಕ್ಕೂ ಮನೆ ಮುಟ್ಟಲಿಲ್ಲ.
ಅವನ ತಂಗಿ ಕಚೇರಿಯ ಡೋಲು ಬಡಿದಳು.
ಮೊದಲ ಸಲ ಸಾಹೇಬರು ಊಟಕ್ಕೆ ಕೂತಿದ್ದರು.
ಎರಡನೆಯ ಸಲ ಗಿರಣಿಯಿಂದ ಬಿಳಿಹಿಟ್ಟಿನ ಮೂಟೆ
ಹಿಂಬಾಗಿಲಿಗೆ ಬಂದು ಇಳಿದಿತ್ತು.
ಮೂರನೆಯ ಸಲ ಡೋಲು ಹರಿಯಿತು.

"ಎತ್ತಿನ ಚರ್ಮ," ಅಂದಳು ಬೀದಿಗೆ ಕೇಳುವಂತೆ,
"ಸತ್ತ ಮೇಲೂ ಅದಕ್ಕೇ ಮೊದಲು ಎದೆಯೊಡೆಯಿತು ನೋಡಿ."

ಅಷ್ಟು ಸಾಕಾಯಿತು.
ಸಂಜೆಗೆ ಚಹಾದಂಗಡಿಯಲ್ಲಿ ಡೋಲು ಅತ್ತಿತ್ತು,
ದೀಪ ಆರುವುದರೊಳಗೆ ಹೆಸರು ಹೇಳಿತ್ತು.
ಬೆಳಗಾದರೆ ಊರಿಗೆ ಊರೇ ಗಿರಣಿಯ ಮುಂದೆ,
ನಡುವೆ ಪಲ್ಲಕ್ಕಿಯಲ್ಲಿ ಬೆವರುವ ಸಾಹೇಬರು,
ಹಿಂದೆ ನಾನು, ಕಂಕುಳಲ್ಲಿ ದಫ್ತರ.

ಕಣ್ಣಿಗೆ ಬಟ್ಟೆ ಕಟ್ಟಿಕೊಂಡು
ಕತ್ತೆ ಬೀಸುಕಲ್ಲಿನ ಸುತ್ತ ಬರುತ್ತಿತ್ತು,
ನಮ್ಮನ್ನು ಕೇಳದೆ, ನಮಗೆ ಹೇಳದೆ.
ಉತ್ತರದ ಮೂಲೆಗೆ ಬಂದಾಗಲೆಲ್ಲ
ಬಲಗಾಲು ತುಸು ಮೇಲೆ ಎತ್ತಿ
ಏನನ್ನೋ ದಾಟಿದ ಹಾಗೆ ಇಡುತ್ತಿತ್ತು.
ನೆಲ ಸಪಾಟಾಗಿತ್ತು.
ತಂಗಿ ಎಣಿಸಿದಳು, ಗಟ್ಟಿಯಾಗಿ, ಮೂವತ್ತೊಂದು ಸುತ್ತು.
ಮೂವತ್ತೆರಡಕ್ಕೆ ಜನವೇ ಉಸಿರು ಹಿಡಿದು ಕಾಲೆತ್ತಿತು.

ಅಗೆದರು.
ಮೊದಲು ಸಿಕ್ಕಿದ್ದು ಎಣ್ಣೆಕಾಗದದ ಪೊಟ್ಟಣ:
ಸಾಲಾಗಿ ಚುಚ್ಚಿಟ್ಟ ಸೂಜಿಗಳು, ತುಕ್ಕು ಹಿಡಿದು ಒಂದಕ್ಕೊಂದು ಅಂಟಿದ್ದವು.

ಗೆಂಗ್ ಶೌಟಿಯನ್ ಅಲ್ಲವೆಂದ.
ಬಿದಿರಿನ ಮೂವತ್ತೆಂಟನೆಯ ಏಟಿಗೆ ಹೌದೆಂದ.
ಕೆಂಪು ಮಸಿಯಲ್ಲಿ ಅವನ ಹೆಬ್ಬೆರಳು ಅದ್ದಿ ಒತ್ತಿದವನು ನಾನೇ;
ಬೆರಳ ಗೆರೆಗಳೊಳಗೆ ಇನ್ನೂ ಹಿಟ್ಟಿತ್ತು.
ಮರು ಶರತ್ಕಾಲ, ಇಬ್ಬನಿ ಗಟ್ಟುವ ಹೊತ್ತಿಗೆ, ತಲೆ ಹೋಯಿತು.

ಕಥೆ ಹೇಳುವ ಕುರುಡ ಚೌ ಈಗ ಹೇಳುವುದೇ ಬೇರೆ:
ಹಗ್ಗ ಕಡಿದುಕೊಂಡು ಕತ್ತೆ ತಾನೇ ಕಚೇರಿಗೆ ಬಂತಂತೆ,
ಮೆಟ್ಟಿಲ ಮೇಲೆ ಮಂಡಿಯೂರಿತಂತೆ,
ಮನುಷ್ಯರ ದನಿಯಲ್ಲಿ ಒಂದೇ ಒಂದು ಸಲ
"ಅಣ್ಣಾ" ಅಂದಿತಂತೆ.
ಜನ ಬಟ್ಟಲು ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಾರೆ.
ಹಾಗಲ್ಲ ಎನ್ನಲು ಒಮ್ಮೆ ಬಾಯಿ ತೆರೆದೆ.
ಪಕ್ಕದ ಮುದುಕಿ ನನ್ನ ತೋಳು ಹಿಡಿದಳು:
"ಅದು ಹುಲ್ಲು ತಿಂದೀತು, ಲಂಚ ತಿಂದೀತೇ?
ನಮಗೆ ಇನ್ಯಾರಿದ್ದಾರಪ್ಪ."
ಬಾಯಿ ಮುಚ್ಚಿಕೊಂಡೆ.
ದಫ್ತರದಲ್ಲೂ ಅದೇ ಇದೆಯಲ್ಲ, ನನ್ನದೇ ಅಕ್ಷರದಲ್ಲಿ:
*ಸಾಕ್ಷಿಯು ಮಂಡಿಯೂರಿತು.*
ಸಾಹೇಬರು ಬರೆಯೆಂದರು, ಬರೆದೆ.
ಅವರಿಗೆ ಬಡ್ತಿಯಾಯಿತು.
ಕತ್ತೆ ಹರಾಜಾಯಿತು.

ಐದು ವರ್ಷದ ಮೇಲೆ, ಕಂದಾಯದ ಲೆಕ್ಕಕ್ಕೆಂದು
ಮೂರು ಊರಾಚೆ ವಿನಿಗರ್ ಕಾಸುವ ಹೌ ಎಂಬವನ ಮನೆಗೆ ಹೋದೆ.
ಅಂಗಳವೆಲ್ಲ ಹುಳಿ ವಾಸನೆ.
ಮೂಲೆಯಲ್ಲಿ ಜೋಳ ಬೀಸುತ್ತಿತ್ತು ಅದು,
ಮೂತಿ ನರೆತು, ಕಣ್ಣಿಗೆ ಹಳೆಯ ಬಟ್ಟೆ.
ಉತ್ತರದ ಕಡೆ ಬಂದಾಗ
ಬಲಗಾಲು ತುಸು ಮೇಲೆ ಎತ್ತಿ
ದಾಟಿತು.

ಮತ್ತೊಂದು ಸುತ್ತು. ದಾಟಿತು.

"ಹಳೇ ನೋವಿರಬೇಕು ಗೊರಸಿಗೆ," ಅಂದ ಹೌ,
ನನ್ನ ಮುಖ ನೋಡಿ, "ಕೊಂಡಾಗಿನಿಂದ ಹಾಗೇ."
ಅವನ ಮಗಳು ಒಳಗಿನಿಂದ ಬಿಸಿನೀರು ತಂದಳು.
ನಾನು ಎಣಿಸುತ್ತಿದ್ದೆ, ತುಟಿ ಅಲುಗಿಸದೆ.

ಗೋಡೆಗೆ ಒರಗಿಸಿಟ್ಟ ಗುದ್ದಲಿ ಇತ್ತು, ಕೈಯಳತೆಯಲ್ಲಿ.
ನೀರು ಕುಡಿದೆ.
ಕಂದಾಯ ಪೂರಾ ಸಂದಿದೆಯೆಂದು ಬರೆದು
ಮೊಹರು ಒತ್ತಿ ಎದ್ದೆ.